ಅಲ್ಲಿನ ಸಿಂಹ ಯಾರ ದನ ತಿಂತದ?



ಈಚೆಗೆ ಕೆಲಸದ ನಿಮಿತ್ತ ಉದಗೀರಕ್ಕೆ ಹೋಗಿದ್ದ ನಾವು ಅಲ್ಲಿಂದ ಬಸ್ಸು ಹಿಡಿದು ಜಳಕೋಟಕ್ಕೂ ಹೋಗಿ ಬಂದೆವು. ಅಲ್ಲಿ ನಮಗೆ ಬಹುಕಾಲದಿಂದ ಪರಿಚಯವಿರುವ ಒಂದು ರೈತ ಕುಟುಂಬವಿದೆ. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮರಾಠಿ, ಸಂತೆಯಲ್ಲಿ ಎರಡರ ಜೊತೆಗೆ ಒಂದಿಷ್ಟು ಉರ್ದು. ಗಡಿಯ ಮನೆಗಳು ಇರುವುದೇ ಹೀಗೆ. ಹಟ್ಟಿಯಲ್ಲಿ ಬಿಳಿ ಮೈಮೇಲೆ ಕಪ್ಪು ಮಚ್ಚೆಯ ಎರಡು ದೇವಣಿ ಆಕಳು. ಹೊಲದಲ್ಲಿ ತೊಗರಿ ಹೂ ಬಿಟ್ಟಿತ್ತು.

ಚಹಾ ಕೊಟ್ಟ ತಾಯಿ ಎದುರಿಗೆ ಕುಳಿತು ಸೆರಗು ಸರಿಪಡಿಸಿಕೊಂಡರು. ಏನೋ ಕೇಳಲಿಕ್ಕಿದೆ ಎಂದು ನಮಗೆ ತಿಳಿಯಿತು. ಅವರ ಹಿರಿಯ ಮಗನಿಗೆ ನೈರೋಬಿಯಲ್ಲಿ ಕೆಲಸ ಸಿಕ್ಕಿದೆಯಂತೆ. ನಾವು ಓದಿಗೆಂದು ಆ ನಗರದಲ್ಲಿ 2012ರಿಂದ ಎರಡು ವರ್ಷ ಇದ್ದು ಬಂದದ್ದು ಅವರಿಗೆ ಗೊತ್ತಿತ್ತು.

"ಖರೇ ಹೇಳ್ರಿ ಫಾದರ್, ಆ ಊರಾಗ ಸಿಂಹ ಅಡ್ಡಾಡ್ತಾವಂತ, ಹೌದೇನ್ರಿ?"

ನಾವು ನಕ್ಕುಬಿಟ್ಟೆವು. ನಗಬಾರದಿತ್ತು. ಆ ತಾಯಿ ನಗಲಿಲ್ಲ. ಆಗ ನಮ್ಮ ಫೋನಿನಲ್ಲಿ ಉಳಿದಿದ್ದ ಹಳೆಯ ಚಿತ್ರಗಳನ್ನು ತೋರಿಸಿದೆವು. ಹುಲ್ಲಿನಲ್ಲಿ ಮಲಗಿದ ಸಿಂಹಿಣಿ, ಅದರ ಹಿಂದೆ ದೂರದಲ್ಲಿ ಬಹುಮಹಡಿ ಕಟ್ಟಡಗಳು. ಮನೆಯ ಮಕ್ಕಳೆಲ್ಲ ಮುತ್ತಿಕೊಂಡರು. ಮೂಲೆಯಲ್ಲಿ ಬ್ಯಾಟರಿಗೆ ಹೊಸ ಸೆಲ್ಲು ಹಾಕುತ್ತಿದ್ದ ಯಜಮಾನರು ಮಾತ್ರ ಚಿತ್ರವನ್ನು ಒಮ್ಮೆ ನೋಡಿ, ನಿಧಾನವಾಗಿ ಇಷ್ಟು ಕೇಳಿದರು:

"ಚಂದ ಅದ. ಆದ್ರ ಅದು ದಿನಾ ಏನಾರ ತಿನ್ನಬೇಕಲ್ರೀ. ಅಲ್ಲಿನ ಸಿಂಹ ಯಾರ ದನ ತಿಂತದ?"

ಎರಡು ವರ್ಷ ಆ ನಗರದಲ್ಲಿದ್ದು, ಹತ್ತಾರು ಜನರಿಗೆ ಈ ಚಿತ್ರ ತೋರಿಸಿದ್ದೇವೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆ ದಿನ ಅವರಿಗೆ ಕೊಟ್ಟ ಉತ್ತರವನ್ನೇ ಈ ತಿಂಗಳು ನಿಮ್ಮೊಂದಿಗೂ ಹಂಚಿಕೊಳ್ಳುತ್ತೇವೆ. ನಿಮ್ಮ ಮನೆಗಳಿಂದಲೂ ಮಕ್ಕಳು ದೂರದೇಶಗಳಿಗೆ ಹೊರಡುತ್ತಿದ್ದಾರಲ್ಲವೇ?

ಮೊದಲು ಆ ನಗರದ ಕಥೆ. ನೈರೋಬಿ ಎಂಬ ಹೆಸರು ಮಸಾಯಿ ಜನರ ಭಾಷೆಯಿಂದ ಬಂದದ್ದು. ತಣ್ಣೀರು ಎಂಬುದು ಅದರ ಅರ್ಥ. ಜಳಕೋಟದ ಹೆಸರಿನಲ್ಲೂ ನಮ್ಮ ಕಿವಿಗೆ ನೀರೇ ಕೇಳಿಸುತ್ತದೆ. ಆದರೆ ಇದೇ ಲಾತೂರು ಜಿಲ್ಲೆಯ ಕೇಂದ್ರಕ್ಕೆ 2016ರ ಏಪ್ರಿಲ್‌ನಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಬೇಕಾಯಿತು ಎಂಬುದನ್ನು ಇಲ್ಲಿಯ ಜನ ಮರೆತಿಲ್ಲ. ನೈರೋಬಿಯನ್ನು ಹುಟ್ಟಿಸಿದ್ದೂ ರೈಲೇ. ಮೊಂಬಾಸಾ ಬಂದರಿನಿಂದ ಒಳನಾಡಿಗೆ ಬ್ರಿಟಿಷರು ಹಾಕಿಸುತ್ತಿದ್ದ ರೈಲುದಾರಿ 1899ರಲ್ಲಿ ಆ ಜವುಗು ಬಯಲನ್ನು ಮುಟ್ಟಿತು. ಅಲ್ಲೊಂದು ಡಿಪೋ ಎದ್ದಿತು, ಡಿಪೋ ಸುತ್ತ ಊರು ಬೆಳೆಯಿತು. ಆ ಹಳಿ ಹಾಕಿದವರು ಹೆಚ್ಚಾಗಿ ನಮ್ಮ ದೇಶದಿಂದ ಹೋದ ಕೂಲಿಗಳು, ಸುಮಾರು 32,000 ಮಂದಿ. ಅವರಲ್ಲಿ ಸುಮಾರು 2,500 ಜನ ಕಾಯಿಲೆ, ಅಪಘಾತಗಳಲ್ಲಿ ಅಲ್ಲೇ ಸತ್ತರು. 1898ರಲ್ಲಿ ಸಾವೋ ನದಿಯ ಸೇತುವೆ ಕಟ್ಟುವಾಗ ಎರಡು ಸಿಂಹಗಳು ರಾತ್ರಿ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದವು. ಪ್ಯಾಟರ್ಸನ್ ಎಂಬ ಎಂಜಿನಿಯರು ಅವನ್ನು ಕೊಂದ ಬಳಿಕವೇ ಕೆಲಸ ಮುಂದುವರಿಯಿತು. ಆ ಸಿಂಹಗಳ ಚರ್ಮದ ಬೊಂಬೆಗಳು ಇಂದಿಗೂ ಅಮೆರಿಕದ ಷಿಕಾಗೋ ನಗರದ ಫೀಲ್ಡ್ ಮ್ಯೂಸಿಯಂನಲ್ಲಿವೆ. ಆ ತಾಯಿಯ ಭಯ ಹೊಸದೇನಲ್ಲ ನೋಡಿ. 125 ವರ್ಷಗಳ ಹಿಂದೆಯೂ ನಮ್ಮ ದೇಶದ ತಾಯಂದಿರು ಅದನ್ನು ಅನುಭವಿಸಿದ್ದಾರೆ.

ಕೂಲಿಗಳಲ್ಲಿ ಹೆಚ್ಚಿನವರು ಮರಳಿದರು, ಕೆಲವರು ಉಳಿದರು. ಅಂಗಡಿ ಇಟ್ಟವರು ಹಿಂದಿನಿಂದ ಬಂದರು. ಅವರ ಗುರುತು ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ಈಗಲೂ ಇದೆ. ಅಂಗಡಿಗೆ ಅಲ್ಲಿ 'ದುಕಾ', ವಾಹನಕ್ಕೆ 'ಗಾರಿ', ಚಹಾಕ್ಕೆ 'ಚಾಯ್', ಚಪಾತಿಗೆ 'ಚಪಾತಿ'. ದುಕಾನ ಎಂದೇ ಮಾತಾಡುವ ಬೀದರ, ಉದಗೀರದ ಕಡೆಯ ಹುಡುಗನಿಗೆ ಅರ್ಧ ಪಾಠ ಮನೆಯಲ್ಲೇ ಆದಂತೆ. 2017ರಲ್ಲಿ ಕೀನ್ಯಾ ಸರಕಾರ ಏಷ್ಯಾ ಮೂಲದ ತನ್ನ ಪ್ರಜೆಗಳನ್ನು ದೇಶದ 44ನೆಯ ಬುಡಕಟ್ಟೆಂದು ಮಾನ್ಯ ಮಾಡಿತು.

ಹೊಸ ಊರನ್ನು ಅರಿಯುವಾಗ ಮುಗ್ಗರಿಸುವುದು ಸಹಜ. ನಾವೂ ಮುಗ್ಗರಿಸಿದೆವು. ಹೋದ ಮೊದಲ ವಾರ ಮುದುಕರೊಬ್ಬರು 'ಸಾ ತಾತು' ಹೊತ್ತಿಗೆ ಮನೆಗೆ ಬನ್ನಿ ಎಂದರು. ನಿಘಂಟು ನೋಡಿ, ಮೂರು ಗಂಟೆ ಎಂದು ತಿಳಿದು ಮಧ್ಯಾಹ್ನ ಹೋದೆವು. ಅವರು ಬೆಳಿಗ್ಗೆ ಒಂಬತ್ತರಿಂದ ಕಾದು ಸುಸ್ತಾಗಿದ್ದರು. ಸ್ವಾಹಿಲಿ ಜನ ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಭೂಮಧ್ಯರೇಖೆಯ ಹತ್ತಿರ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುವುದರಿಂದ ಆ ಲೆಕ್ಕ ಅಲ್ಲಿ ನಡೆಯುತ್ತದೆ. ಇನ್ನು ಆಫ್ರಿಕಾ ಎಂದರೆ ಸುಡುಬಿಸಿಲೆಂದು ತೆಳುವಾದ ಅಂಗಿಗಳನ್ನಷ್ಟೇ ಒಯ್ದಿದ್ದೆವು. ನೈರೋಬಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿ. ಜುಲೈ ತಿಂಗಳಲ್ಲಿ ಬೆಳಗಿನ ಬಲಿಪೂಜೆಗೆ ಸ್ವೆಟರ್ ಇಲ್ಲದೆ ನಿಲ್ಲಲಾಗುತ್ತಿರಲಿಲ್ಲ.

ಆ ನಗರದಲ್ಲಿ ಕಾಡು ಮತ್ತು ಊರು ಒಂದಕ್ಕೊಂದು ಅಂಟಿಕೊಂಡಿವೆ. ನ್ಯಾಯೋ ಕ್ರೀಡಾಂಗಣದ ಬಳಿಯ ವೃತ್ತದಲ್ಲಿ, ವಾಹನಗಳ ಹೊಗೆಯ ನೇರ ಮೇಲೆ, ಜಾಲಿಮರಗಳಲ್ಲಿ ಮರಬು ಕೊಕ್ಕರೆಗಳು ಗೂಡು ಕಟ್ಟಿ ಕುಳಿತಿರುತ್ತವೆ. ನಿಂತರೆ ಮನುಷ್ಯನ ಎದೆಮಟ್ಟದ ಹಕ್ಕಿ ಅದು, ತಲೆ ಬೋಳು. ಮೊದಲ ಸಲ ನೋಡಿದಾಗ ಯಾರೋ ಮರದ ಮೇಲೆ ಮುದುಕರನ್ನು ಕೂರಿಸಿದ್ದಾರೆ ಎನ್ನಿಸಿತ್ತು. ಉತ್ತರದಲ್ಲಿ ಕರೂರಾ ಕಾಡು. ಅದನ್ನು ಕಟ್ಟಡದವರಿಗೆ ಹಂಚಲು ಹೊರಟಾಗ ವಂಗಾರಿ ಮಾಥಾಯಿ ಎಂಬ ಮಹಿಳೆ ಸಸಿ ಹಿಡಿದು ಎದುರು ನಿಂತರು. 1999ರಲ್ಲಿ ಅಲ್ಲಿಯೇ ಪೆಟ್ಟು ತಿಂದರು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕಾಡು ಉಳಿಯಿತು.

ದಕ್ಷಿಣಕ್ಕೆ, ನಗರದ ನಡುವಿನಿಂದ ಏಳೇ ಕಿಲೋಮೀಟರ್ ದೂರದಲ್ಲಿ, ನೈರೋಬಿ ರಾಷ್ಟ್ರೀಯ ಉದ್ಯಾನ. 1946ರಲ್ಲಿ ಘೋಷಿಸಿದ, ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಅದು. 117 ಚದರ ಕಿಲೋಮೀಟರ್ ಬಯಲಿನಲ್ಲಿ ಸಿಂಹ, ಚಿರತೆ, ಕಪ್ಪು ಖಡ್ಗಮೃಗ, ಜಿರಾಫೆ, ಜೀಬ್ರಾ, ಕಾಡೆಮ್ಮೆಗಳಿವೆ. ನಾವು ತೋರಿಸಿದ ಚಿತ್ರ ಅಲ್ಲಿಯದೇ. ಮೂರು ಕಡೆ ಬೇಲಿ ಇದೆ. ದಕ್ಷಿಣದಲ್ಲಿ ಮಾತ್ರ ಒಂದು ಚಿಕ್ಕ ಹೊಳೆ, ಅದರಾಚೆ ಕಿಟೆಂಗೆಲಾ ಎಂಬ ಬಯಲುಸೀಮೆ, ಮಸಾಯಿ ದನಗಾಹಿಗಳ ನೆಲ. ಮಳೆಗಾಲದಲ್ಲಿ ಹುಲ್ಲೆಗಳೂ ಜೀಬ್ರಾಗಳೂ ಆ ಬಯಲಿಗೆ ಹೋಗಿ ಬೇಸಿಗೆಗೆ ಹಿಂತಿರುಗಬೇಕು. ಆದ್ದರಿಂದಲೇ ಆ ಕಡೆ ಬೇಲಿ ಹಾಕಿಲ್ಲ. ಅವುಗಳ ಬೆನ್ನಿಗೆ ಸಿಂಹವೂ ಹೋಗುತ್ತದೆ.

2013ರ ಒಂದು ಶನಿವಾರ ಉದ್ಯಾನ ಸುತ್ತಿ, ಸಿಂಹಿಣಿಯ ಚಿತ್ರ ತೆಗೆದುಕೊಂಡು, ಬಹಳ ಹಿಗ್ಗಿನಲ್ಲಿದ್ದೆವು. ಜೊತೆಗೆ ಓದುತ್ತಿದ್ದ ಸ್ಥಳೀಯ ಗುರುಗಳೊಬ್ಬರು ಕಿಟೆಂಗೆಲಾದ ಕಡೆ ತಮ್ಮ ಪರಿಚಯದ ಮನೆಗೆ ಕರೆದೊಯ್ದರು. ಮುಳ್ಳುಬೇಲಿಯ ದೊಡ್ಡಿ, ಪಕ್ಕದಲ್ಲಿ ಸಗಣಿ ಸಾರಿಸಿದ ಮನೆ. ದೊಡ್ಡಿಯ ಮೂಲೆಯಲ್ಲಿ ಮಣ್ಣು ಇನ್ನೂ ಒದ್ದೆಯಾಗಿತ್ತು. ಹಿಂದಿನ ರಾತ್ರಿ ಸಿಂಹ ನುಗ್ಗಿ ಹಾಲು ಕೊಡುವ ಹಸುವೊಂದನ್ನು ಕೊಂದಿತ್ತು. ಮನೆಯಾಕೆ ಚಹಾ ತಂದಿಟ್ಟು, "ಇವತ್ತು ಹಾಲಿಲ್ಲ, ಕ್ಷಮಿಸಿ" ಎಂದರು. ಅಷ್ಟೇ ಹೇಳಿದ್ದು. ನಮ್ಮ ಕುತ್ತಿಗೆಯಲ್ಲಿ ಕ್ಯಾಮೆರಾ ತೂಗುತ್ತಿತ್ತು. ಅದನ್ನು ಮೆಲ್ಲಗೆ ಚೀಲಕ್ಕೆ ತುರುಕಿದೆವು. ನಾವು ಬೆಳಿಗ್ಗೆ ದುಡ್ಡು ಕೊಟ್ಟು ನೋಡಿದ ಚಂದಕ್ಕೆ ಆಕೆ ಹಿಂದಿನ ರಾತ್ರಿಯೇ ಬೆಲೆ ತೆತ್ತಿದ್ದರು.

ನಾವು ಅಲ್ಲಿಗೆ ಹೋಗುವ ಕೆಲವೇ ದಿನ ಮುಂಚೆ, 2012ರ ಜೂನ್‌ನಲ್ಲಿ, ಆ ಸೀಮೆಯ ಜನ ರೊಚ್ಚಿಗೆದ್ದು ಒಂದೇ ದಿನ ಆರು ಸಿಂಹಗಳನ್ನು ಕೊಂದಿದ್ದರು. ಪೇಟೆಯ ಜನ ಅವರನ್ನು ಬೈದದ್ದನ್ನು ನಾವೂ ಕೇಳಿ ತಲೆದೂಗಿದ್ದೆವು. ಆ ದೊಡ್ಡಿ ನೋಡಿದ ಮೇಲೆ ತಲೆದೂಗುವುದು ಕಷ್ಟವಾಯಿತು.

ಆದರೆ ದಾರಿಗಳು ಇಲ್ಲವೆಂದಲ್ಲ. ಅದೇ ಉದ್ಯಾನದ ಅಂಚಿನಲ್ಲಿ ರಿಚರ್ಡ್ ತುರೆರೆ ಎಂಬ ಮಸಾಯಿ ಹುಡುಗನಿದ್ದ. ಮನೆಯ ದನ ಕಾಯುವುದು ಅವನ ಪಾಲಿನ ಕೆಲಸ. ಬೆಂಕಿ ಹಾಕಿ ನೋಡಿದ, ಬೆದರುಬೊಂಬೆ ನಿಲ್ಲಿಸಿ ನೋಡಿದ. ಸಿಂಹ ಮೊದಲ ದಿನ ಅಂಜಿ ಎರಡನೆಯ ದಿನ ಬಂತು. ಒಂದು ರಾತ್ರಿ ಟಾರ್ಚು ಹಿಡಿದು ದೊಡ್ಡಿ ಸುತ್ತಿದಾಗ ಬರಲಿಲ್ಲ. ಚಲಿಸುವ ಬೆಳಕಿಗೆ ಅದು ಹೆದರುತ್ತದೆಂದು ಅವನಿಗೆ ಹೊಳೆಯಿತು. ಹಳೆಯ ಕಾರಿನ ಬ್ಯಾಟರಿ, ಸೋಲಾರ್ ಫಲಕ, ಮೋಟಾರ್ ಸೈಕಲ್ಲಿನ ಇಂಡಿಕೇಟರ್ ಪೆಟ್ಟಿಗೆ, ಒಡೆದ ಟಾರ್ಚುಗಳ ಬಲ್ಬು ಸೇರಿಸಿ, ಒಂದಾದ ಮೇಲೊಂದು ಮಿನುಗುವ ದೀಪಗಳನ್ನು ದೊಡ್ಡಿಯ ಸುತ್ತ ಕಟ್ಟಿದ. ಯಾರೋ ಲಾಟೀನು ಹಿಡಿದು ತಿರುಗುತ್ತಿದ್ದಾರೆ ಎಂದು ಸಿಂಹಕ್ಕೆ ತೋರಬೇಕು. ಆಗ ಅವನಿಗೆ 11 ವರ್ಷ. ಅವರ ದೊಡ್ಡಿಗೆ ಸಿಂಹ ಬರುವುದು ನಿಂತಿತು, ನೆರೆಹೊರೆಯವರೂ ಕಟ್ಟಿಸಿಕೊಂಡರು. 2013ರಲ್ಲಿ ಅವನು ಅಮೆರಿಕದ ದೊಡ್ಡ ವೇದಿಕೆಯಲ್ಲಿ ಈ ಕಥೆ ಹೇಳಿದ. ಇನ್ನೊಂದು ಕಡೆಯಿಂದ, 2000ದಿಂದ ಅಲ್ಲಿ ಜಮೀನಿಗೆ ಬೇಲಿ ಹಾಕದೆ ಬಿಟ್ಟವರಿಗೆ ಎಕರೆಗೆ ವರ್ಷಕ್ಕೆ 4 ಡಾಲರ್ ಕೊಡುವ ಯೋಜನೆ ಆರಂಭವಾಯಿತು. ಸಣ್ಣ ಮೊತ್ತ ನಿಜ. ಆದರೂ ಸಿಂಹದ ಊಟದ ಖರ್ಚು ಒಬ್ಬ ದನಗಾಹಿಯದಷ್ಟೇ ಅಲ್ಲ ಎಂದು ಒಪ್ಪಿಕೊಂಡಂತಾಯಿತು.

ಇಷ್ಟನ್ನು ಹೇಳಿ ಮುಗಿಸುವಾಗ ಯಜಮಾನರು ಬ್ಯಾಟರಿ ಒತ್ತಿ ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಿದರು. ಅವರು ಹೊಲ ಕಾಯಲು ಹೊರಟಿದ್ದರು. ಜಿಂಕೆ, ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಅರ್ಧ ಹೊಲ ಕೆಡಿಸಿದ ವರ್ಷಗಳಿವೆ. ಪರಿಹಾರಕ್ಕೆ ಪಂಚನಾಮೆ, ಅರ್ಜಿ, ಅಲೆದಾಟ. "ಜಿಂಕಿ ನಮಗೂ ಚಂದನ ಕಾಣ್ತದ್ರಿ, ಮಂದಿ ಹೊಲದಾಗಿದ್ದಾಗ" ಎಂದು ನಕ್ಕರು.

ಈ ಮಾತಿಗೆ ನಮ್ಮ ಸೀಮೆಯಲ್ಲೇ ಒಂದು ಪಾಠವಿದೆ. ನೆರೆಯ ಸೊಲ್ಲಾಪುರದ ಬಯಲಿನಲ್ಲಿ ಮಾಳಢೋಕ ಎಂಬ ದೊಡ್ಡ ಹಕ್ಕಿ ಇತ್ತು. ಕನ್ನಡದಲ್ಲಿ ಎರೆಭೂತ. ಅದರ ರಕ್ಷಣೆಗೆ 1979ರಲ್ಲಿ ಅಭಯಾರಣ್ಯ ಘೋಷಿಸಿದಾಗ ಸುಮಾರು 8,500 ಚದರ ಕಿಲೋಮೀಟರ್ ಗೆರೆಯೊಳಗೆ ಬಂತು. ಊರು, ಹೊಲ ಎಲ್ಲ ಸೇರಿಹೋದವು. ಜಮೀನು ಮಾರಲು, ಬಾವಿ ತೋಡಲು ತೊಡಕಾಗಿ ರೈತರಿಗೆ ಆ ಹಕ್ಕಿಯ ಹೆಸರೆತ್ತಿದರೆ ಸಿಟ್ಟು ಬರುವಂತಾಯಿತು. ಮುಂದೆ ಸರಕಾರ ಗೆರೆಯನ್ನು ಬಹಳ ಚಿಕ್ಕದು ಮಾಡಿತು. ಅಷ್ಟರಲ್ಲಿ ಹಕ್ಕಿಯೇ ಬೆರಳೆಣಿಕೆಗೆ ಇಳಿದಿತ್ತು. ನೀರಾವರಿ, ಬದಲಾದ ಬೆಳೆ, ವಿದ್ಯುತ್ ತಂತಿ ಎಲ್ಲವೂ ಅದಕ್ಕೆ ಕಾರಣ. ಆದರೆ ಹೊಲದವನ ಮನಸ್ಸು ಮುರಿದ ಮೇಲೆ ಪ್ರಾಣಿಗೆ ಕಾವಲು ಯಾರು?

ಇನ್ನು ತಾಯಿಯ ಪ್ರಶ್ನೆ. ಅವರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹೌದು, ಸಿಂಹ ಒಮ್ಮೊಮ್ಮೆ ಹೊರಗೆ ಬರುತ್ತದೆ. 2016ರ ಮಾರ್ಚಿನಲ್ಲಿ ಮೊಂಬಾಸಾ ರಸ್ತೆಯಲ್ಲೇ ಒಂದು ಸಿಂಹ ಒಬ್ಬರನ್ನು ಗಾಯಗೊಳಿಸಿತ್ತು. 2025ರ ಏಪ್ರಿಲ್‌ನಲ್ಲಿ ಉದ್ಯಾನದ ಅಂಚಿನ ಜಮೀನೊಂದರಿಂದ 14 ವರ್ಷದ ಹುಡುಗಿಯನ್ನು ಸಿಂಹಿಣಿ ಕೊಂದಿತು. ಆದರೆ ಪೇಟೆಯ ನಡುವೆ ಇರುವವನಿಗೆ ಸಿಂಹಕ್ಕಿಂತ ವೇಗದ ಮತಾತು ವ್ಯಾನುಗಳ, ಕತ್ತಲಾದ ಮೇಲೆ ಜೇಬುಗಳ್ಳರ ಭಯವೇ ಹೆಚ್ಚು. ಆಮೇಲೆ ಹೊರಡುವವರಿಗೆ ಬೇಕಾದ ಮಾತುಗಳನ್ನೂ ಹೇಳಿದೆವು. ಹಳದಿ ಜ್ವರದ ಚುಚ್ಚುಮದ್ದು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು. ಅದರ ಹಳದಿ ಪುಸ್ತಕ ಜೋಪಾನ, ಇಲ್ಲದಿದ್ದರೆ ಹಿಂದಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಪ್ಲಾಸ್ಟಿಕ್ ಕೈಚೀಲಗಳಿಗೆ 2017ರಿಂದ ಅಲ್ಲಿ ನಿಷೇಧವಿದೆ. ಶೇಂಗಾ ಹಿಂಡಿಯನ್ನು ಬಟ್ಟೆಚೀಲದಲ್ಲೋ ಡಬ್ಬಿಯಲ್ಲೋ ಕಟ್ಟಿ. ಸ್ವೆಟರ್ ಮರೆಯಬೇಡಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ, ಆದ್ದರಿಂದ ರಾತ್ರಿ ಹತ್ತಕ್ಕೆ ಫೋನು ಬರಲಿಲ್ಲವೆಂದು ಗಾಬರಿಯಾಗಬೇಡಿ.

ತಾಯಿ ಎಲ್ಲವನ್ನೂ ಬೆರಳು ಮಡಚಿ ಎಣಿಸಿಕೊಂಡರು. ಕೊನೆಗೆ, "ಅವನೂ ರಜಾದಾಗ ಸಿಂಹ ನೋಡಾಕ ಹೋಗಾವನ. ಹೋದ್ರ ಆ ಹೊಳಿ ಆಚಿ ಮಂದೀನೂ ಮಾತಾಡ್ಸಿ ಬಾ ಅಂತೀನ್ರಿ" ಎಂದರು.

ವಿದೇಶಕ್ಕೆ ಹೊರಡುವ ನಿಮ್ಮ ಮಕ್ಕಳಿಗೂ ಈ ಮಾತನ್ನೇ ಹೇಳಿ ಕಳಿಸಬೇಕೆಂದು ನಮ್ಮ ಆಸೆ. ಹೊಸ ಊರಿನ ಕಟ್ಟಡ, ಕಾಡು, ಮೃಗ ಎಲ್ಲವನ್ನೂ ಕಣ್ತುಂಬ ನೋಡಲಿ. ಅದರ ನೆರೆಯಲ್ಲಿ ಬಾಳುವವರ ಮನೆಯ ಚಹಾವನ್ನೂ ಒಮ್ಮೆ ಕುಡಿಯಲಿ.

ಉದಗೀರಕ್ಕೆ ಮರಳುವ ಬಸ್ಸು ಹತ್ತುವಾಗ ಕತ್ತಲಾಗಿತ್ತು. ದಾರಿಯುದ್ದಕ್ಕೂ ತೊಗರಿ ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಬ್ಯಾಟರಿ ಬೆಳಕು ಅತ್ತಿತ್ತ ಸರಿದಾಡುತ್ತಿತ್ತು. ಅವುಗಳಲ್ಲಿ ನಮ್ಮ ಯಜಮಾನರದು ಯಾವುದೋ ತಿಳಿಯಲಿಲ್ಲ.