ಚಿಪ್ ಯಾರದು, ಹಣ ಯಾರದು?

2025ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದಲ್ಲಿ ‘ಜುಪಿಟರ್’ ಸೂಪರ್‌ಕಂಪ್ಯೂಟರ್ ಉದ್ಘಾಟನೆಗೊಂಡಿತು. ಯುರೋಪಿನ ತಾಂತ್ರಿಕ ಸ್ವಾವಲಂಬನೆಯ ಹೆಗ್ಗುರುತೆಂದು ಅದನ್ನು ಕೊಂಡಾಡಲಾಯಿತು. ಆದರೆ ಅದರೊಳಗೆ ದುಡಿಯುತ್ತಿದ್ದದ್ದು ಅಮೆರಿಕದ ಎನ್ವಿಡಿಯಾ ಕಂಪನಿಯ ಸುಮಾರು 24 ಸಾವಿರ ಚಿಪ್‌ಗಳು. ಜೊತೆಗಿರಬೇಕಿದ್ದ ಯುರೋಪಿನದೇ ‘ರಿಯಾ’ ಪ್ರೊಸೆಸರ್ ಆ ಹೊತ್ತಿಗೂ ಸಿದ್ಧವಾಗಿರಲಿಲ್ಲ.

ರಿಯಾವನ್ನು ವಿನ್ಯಾಸಗೊಳಿಸುತ್ತಿರುವುದು 2019ರಲ್ಲಿ ಪ್ಯಾರಿಸ್ ಬಳಿ ಹುಟ್ಟಿದ ಸೈಪರ್ಲ್ ಎಂಬ ನವೋದ್ಯಮ. ಅದು ಕೈಗೆತ್ತಿಕೊಂಡ ಸಮಸ್ಯೆ ನಿಜವಾದದ್ದೇ. ಸೂಪರ್‌ಕಂಪ್ಯೂಟರುಗಳ ಬೆಳವಣಿಗೆಗೆ ಇಂದು ವಿದ್ಯುತ್ತೇ ದೊಡ್ಡ ಅಡ್ಡಿ. ಲೆಕ್ಕ ಮಾಡುವುದಕ್ಕಿಂತ, ಮೆಮೊರಿಯಿಂದ ದತ್ತಾಂಶವನ್ನು ಹೊತ್ತು ತರುವುದಕ್ಕೇ ಎಷ್ಟೋ ಪಾಲು ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಆದ್ದರಿಂದ ರಿಯಾದ 80 ಕೋರ್‌ಗಳ ಮಗ್ಗುಲಲ್ಲೇ ವೇಗದ ಮೆಮೊರಿಯನ್ನು ಕೂರಿಸಲಾಗಿದೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದು ಒಡೆತನದ್ದು. ಆ ಕೋರ್‌ಗಳ ವಿನ್ಯಾಸ ಬ್ರಿಟನ್ನಿನ ಆರ್ಮ್ ಕಂಪನಿಯದು. ಆರ್ಮ್‌ನ ಬಹುಪಾಲು ಷೇರು ಜಪಾನಿನ ಸಾಫ್ಟ್‌ಬ್ಯಾಂಕಿನದು. ತಯಾರಿಕೆ ತೈವಾನಿನ ಟಿಎಸ್‌ಎಂಸಿಯಲ್ಲಿ. ಒಂಟಿಯಾಗಿ ಇಂಥ ಚಿಪ್ ಮಾಡಬಲ್ಲ ದೇಶ ಇಂದು ಯಾವುದೂ ಇಲ್ಲವಾದ್ದರಿಂದ ಇದರಲ್ಲಿ ಅವಮಾನವೇನಿಲ್ಲ. ಆಕ್ಷೇಪ ಬೇರೆಯದು: ಸೈಪರ್ಲ್‌ಗೆ ಐರೋಪ್ಯ ಒಕ್ಕೂಟವೂ ಫ್ರೆಂಚ್ ಸರ್ಕಾರವೂ ಹಣ ಹೂಡಿವೆ, ಪ್ರತಿಯಾಗಿ ಷೇರು ಸಿಗಬಹುದು, ವಿನ್ಯಾಸ ಮಾತ್ರ ಖಾಸಗಿಯಾಗಿಯೇ ಉಳಿಯುತ್ತದೆ.

ಎರಡನೆಯದು, ಉಳಿಸಿದ ವಿದ್ಯುತ್ತು ಎಲ್ಲಿಗೆ ಹೋಗುತ್ತದೆ ಎಂಬುದು. ಉಗಿಯಂತ್ರಗಳು ದಕ್ಷವಾದಷ್ಟೂ ಕಲ್ಲಿದ್ದಲಿನ ಬಳಕೆ ಹೆಚ್ಚುತ್ತದೆಂದು ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ 1865ರಲ್ಲೇ ಎಚ್ಚರಿಸಿದ್ದರು. ಜುಪಿಟರ್ ಹವಾಮಾನದ ಲೆಕ್ಕವನ್ನೂ ಮಾಡುತ್ತದೆ, ಎಐ ಮಾದರಿಗಳನ್ನೂ ತರಬೇತುಗೊಳಿಸುತ್ತದೆ. ಯಾವುದಕ್ಕೆ ಎಷ್ಟು ಪಾಲು ಎಂಬುದನ್ನು ಹಣ ಕೊಟ್ಟ ಜನ ಕೇಳಬೇಕು.

ಭಾರತದ ಸಿ-ಡ್ಯಾಕ್ ರೂಪಿಸುತ್ತಿರುವ ‘ಔಮ್’ ಪ್ರೊಸೆಸರ್ ಕೂಡ ಇದೇ ಆರ್ಮ್ ವಿನ್ಯಾಸವನ್ನು ನೆಚ್ಚಿಕೊಂಡಿದೆ. ಸ್ವದೇಶಿಯ ಘೋಷಣೆ ಅಲ್ಲಿಯೂ ಜೋರಾಗಿದೆ. ಪರ್ಯಾಯವಿಲ್ಲವೆಂದಲ್ಲ: ಯಾರ ಅನುಮತಿಯೂ ಇಲ್ಲದೆ ಬಳಸಬಹುದಾದ ‘ರಿಸ್ಕ್-ಫೈವ್’ ಎಂಬ ಮುಕ್ತ ಮಾನದಂಡದ ಮೇಲೆ ಬಾರ್ಸಿಲೋನಾದ ಸೂಪರ್‌ಕಂಪ್ಯೂಟಿಂಗ್ ಕೇಂದ್ರವೂ ಮದ್ರಾಸ್ ಐಐಟಿಯ ‘ಶಕ್ತಿ’ ತಂಡವೂ ಕೆಲಸ ಮಾಡುತ್ತಿವೆ. ಆ ಹಾದಿ ದೀರ್ಘವಾದದ್ದು, ಆದರೆ ಅಲ್ಲಿ ಕಲಿತದ್ದು ಎಲ್ಲರ ಸೊತ್ತಾಗುತ್ತದೆ.

ಚಿಪ್ ಉದ್ಯಮದಲ್ಲಿ ದುಡಿಯುವ ಕನ್ನಡಿಗರು ನಮ್ಮ ಓದುಗರಲ್ಲಿಯೂ ಇದ್ದಾರೆ. ತೆರಿಗೆ ಕಟ್ಟುವ ದೇಶದಲ್ಲಿಯೂ ಬಿಟ್ಟುಬಂದ ದೇಶದಲ್ಲಿಯೂ ಅವರು ಒಂದೇ ಬೇಡಿಕೆಯನ್ನು ಮುಂದಿಡಬಹುದು: ಸಾರ್ವಜನಿಕರ ಹಣದಿಂದ ಹುಟ್ಟಿದ ಜ್ಞಾನ ಸಾರ್ವಜನಿಕರಿಗೆ ತೆರೆದಿರಲಿ.