ಅಪರಾಧಿ ತಾಯಿಯಲ್ಲ

ಊರಿನಲ್ಲಿ ದಡಾರ ತಲೆಯೆತ್ತಿತೆಂದರೆ ಸುಶಿಕ್ಷಿತರೆನಿಸಿಕೊಂಡ ನಮ್ಮ ಬಾಯಿಂದ ಹೊರಡುವ ಮಾತು ಒಂದೇ: “ಈ ಬಡವರು ಮಕ್ಕಳಿಗೆ ಲಸಿಕೆ ಹಾಕಿಸುವುದಿಲ್ಲ, ಅಜ್ಞಾನಿಗಳು!” ತೀರ್ಪು ಕೊಟ್ಟಾಯಿತು; ವಿಚಾರಣೆ ಮಾತ್ರ ನಡೆಯಲಿಲ್ಲ. ವಕೀಲಿ ವೃತ್ತಿಯವನಾದ ನಾನು ಆ ತಾಯಿಯ ಪಕ್ಷದಿಂದ ನಾಲ್ಕು ಮಾತು ಹೇಳುವೆನು.

ಕುಮಟಾ, ಹೊನ್ನಾವರ, ಭಟ್ಕಳಗಳ ಕಡಲಂಚಿನಲ್ಲಿ ಮೀನು ಮಾರುವ ಹೆಣ್ಣುಮಗಳು ನಸುಕಿನಲ್ಲಿಯೇ ಬುಟ್ಟಿ ಹೊತ್ತು ಹೊರಡುತ್ತಾಳೆ. ಲಸಿಕೆ ಹಾಕುವುದಾದರೋ ಗುರುವಾರದ ಹಗಲಿನಲ್ಲಿ. ಆಶಾ ಕಾರ್ಯಕರ್ತೆ ಕರೆಯಲು ಬಂದರೆ ಬಾಗಿಲಿಗೆ ಬೀಗ. ಸರಕಾರದ ಲಸಿಕೆಗೆ ಕಾಸಿಲ್ಲ, ನಿಜ. ಆದರೆ ಅವಳ ದಿನಕ್ಕೆ ಬೆಲೆಯಿಲ್ಲವೆ? ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು. ಈ ಎರಡನೆಯ ಸರದಿ ತಪ್ಪಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ದಡಾರವು ಸಬೂಬು ಕೇಳುವುದಿಲ್ಲ. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿಯಿಂದ ೧೨ರಿಂದ ೧೮ ಮಂದಿಗೆ ಅದು ಹಬ್ಬಬಲ್ಲದು. ನೂರಕ್ಕೆ ೯೫ ಮಕ್ಕಳಿಗೆ ಎರಡೂ ಸಲ ಲಸಿಕೆ ಬಿದ್ದರೆ ಮಾತ್ರ ಅದರ ದಾರಿ ಕಟ್ಟುವುದು. ೨೦೨೨ರಲ್ಲಿ ಮುಂಬಯಿಯ ಗೋವಂಡಿಯ ಬಡ ಕೇರಿಗಳಲ್ಲಿ ಅದು ಎಳೆಯ ಜೀವಗಳನ್ನು ಕೊಂಡೊಯ್ದಿತು. ಆ ಮುಂಬಯಿಯಿಂದ ನಮ್ಮ ಕರಾವಳಿಗೆ ರೈಲಿನಲ್ಲಿ ಒಂದೇ ರಾತ್ರಿಯ ಪಯಣ!

ಇನ್ನು ಅಜ್ಞಾನದ ಮಾತು. ೨೦೧೭ರ ಫೆಬ್ರುವರಿಯಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕದಲ್ಲಿ ನಡೆದಾಗ, ವಾಟ್ಸಾಪಿನಲ್ಲಿ ಸುಳ್ಳುಸುದ್ದಿ ಹರಡಿದವರು ಯಾರು? ಅಕ್ಷರ ಬಾರದ ಮೀನುಗಾರ್ತಿಯೋ, ಅಕ್ಷರ ಬಲ್ಲ ನಾವೋ?

ಸಿಡುಬು ೧೯೭೫ರಲ್ಲಿ ಈ ದೇಶವನ್ನು ಬಿಟ್ಟುಹೋಯಿತು. ೨೦೧೧ರ ಜನವರಿಯ ಬಳಿಕ ಕಾಡು ಪೋಲಿಯೊ ಯಾವ ಮಗುವಿನ ಕಾಲನ್ನೂ ಇಲ್ಲಿ ಮುರಿದಿಲ್ಲ. ತಾಯಂದಿರನ್ನು ನಿಂದಿಸಿ ಪಡೆದ ಜಯವೆ ಇದು? ಅಲ್ಲ, ಮನೆಮನೆಗೆ, ಬಸ್ ನಿಲ್ದಾಣಕ್ಕೆ, ರೈಲು ನಿಲ್ದಾಣಕ್ಕೆ ಲಸಿಕೆಯೇ ನಡೆದುಹೋಗಿ ಪಡೆದ ಜಯ.

ಆದುದರಿಂದ ನಾವು ಬೇಡುವುದಿಷ್ಟೆ. ವಾರಕ್ಕೊಂದು ಸಂಜೆ ಬಂದರಿನಲ್ಲಿಯೂ ಮೀನುಪೇಟೆಯಲ್ಲಿಯೂ ಲಸಿಕೆ ದೊರೆಯಲಿ. ಜೂನ್-ಜುಲೈಯಲ್ಲಿ ದೋಣಿಗಳು ದಡದಲ್ಲಿರುವಾಗ ತಪ್ಪಿದ ಮಕ್ಕಳನ್ನು ಕೇರಿಕೇರಿಗೆ ಹೋಗಿ ಹುಡುಕಲಿ. ಉಪಾಧ್ಯಾಯ ಮಹಾಶಯರು ಶಾಲೆಗೆ ಸೇರಬಂದ ಮಗುವಿನ ತಾಯಿ ಕಾರ್ಡನ್ನು ನೋಡಲಿ. ಸರದಿ ತಪ್ಪಿದ್ದರೆ ಮಗುವನ್ನು ಹೊರಗಿಡದೆ ಲಸಿಕೆಯ ಬಳಿಗೆ ಕರೆದೊಯ್ಯಲಿ. ಇಷ್ಟನ್ನು ಮಾಡಿದ ಮೇಲೆಯೂ ಮಗು ತಪ್ಪಿಹೋದರೆ ಆಗ ತಾಯಿಯನ್ನು ವಿಚಾರಿಸೋಣ. ಅಲ್ಲಿಯವರೆಗೆ ಕಟಕಟೆಯಲ್ಲಿ ನಿಲ್ಲಬೇಕಾದವರು ನಾವು.