ಮನಸ್ಸಿನ ಕಾಯಿಲೆಗೂ ಭತ್ಯೆ ಬೇಕು



ಕೈ ಮುರಿದವನಿಗೆ ಎಸ್ಟೇಟಿನಲ್ಲಿ ಡಾಕ್ಟರ ಚೀಟಿ ಸಿಗುತ್ತದೆ. ಮನಸ್ಸು ಕೆಟ್ಟವನ ಮುಂದೆ ರಾಜೀನಾಮೆ ಕಾಗದ ಹಿಡಿಯುತ್ತಾರೆ. ಹೆಬ್ಬೆಟ್ಟು ಬಿದ್ದರೆ ಚೆಕ್‌ರೋಲಿನಿಂದ ಹೆಸರು ಹೋಯಿತು. ‘ತಾನಾಗಿಯೇ ಬಿಟ್ಟ’ ಎಂದು ಬರೆದೂ ಆಯಿತು. ತಾನಾಗಿ ಬಿಟ್ಟನೇ? ಕಾಯಿಲೆ ಬಿಡಿಸಿತು!

1951ರ ತೋಟ ಕಾರ್ಮಿಕರ ಕಾನೂನಿನ 32ನೇ ಕಲಮು ವೈದ್ಯರು ಬರೆದುಕೊಟ್ಟ ಕಾಯಿಲೆಗೆ ಭತ್ಯೆ ಕೊಡಬೇಕೆಂದಿತ್ತು. ದೇಹದ್ದೋ ಮನಸ್ಸಿನದ್ದೋ ಎಂದು ಅದು ಭೇದ ಮಾಡಲಿಲ್ಲ. ಆದರೂ ಕೇಳಿದವರೆಷ್ಟು ಮಂದಿ? 2025ರ ನವೆಂಬರ್ 21ರಂದು ಆ ಕಾನೂನು ರದ್ದಾಗಿ ಹೊಸ ಸಂಹಿತೆಗಳು ಜಾರಿಗೆ ಬಂದವು.

ಇ.ಎಸ್.ಐ.ಗೆ ಸೇರಿದ ಗಿರಣಿ ಕಾರ್ಮಿಕನಿಗೆ 91 ದಿನಗಳ ಭತ್ಯೆ ಮುಗಿದ ಮೇಲೂ ತೀವ್ರ ಮನೋರೋಗಕ್ಕೆ ಮುಂದುವರಿದ ಭತ್ಯೆ ಉಂಟು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ತೋಟಗಳೂ ಇ.ಎಸ್.ಐ.ಗೆ ಸೇರಬಹುದು, ಆದರೆ ಮಾಲೀಕರು ಒಪ್ಪಿದರೆ ಮಾತ್ರ. ಮಾಲೀಕರ ಮನಸ್ಸು ನೋಡಿ ಸಿಗುವುದನ್ನು ಹಕ್ಕು ಎನ್ನಬಹುದೇ? ಯೂನಿಯನ್ನುಗಳು ಇದನ್ನು ಬೇಡಿಕೆಪಟ್ಟಿಯ ತಲೆಗೇ ಬರೆಯಬೇಕು.

ನಮ್ಮ ಲೈನುಮನೆಗಳಲ್ಲೂ ತಪ್ಪಿದೆ. ‘ದೆವ್ವ ಹಿಡಿದಿದೆ’ ಎಂದು ನಾಚಿಕೆಯಿಂದ ಮುಚ್ಚಿಡುತ್ತೇವೆ. ಚೀಟಿಯಿಲ್ಲದೆ ಗೈರುಹಾಜರಿ ಬೆಳೆಯುತ್ತದೆ. ಆಫೀಸಿನವರಿಗೆ ಅಷ್ಟೇ ಸಾಕು. ಪ್ರಾರ್ಥನೆ ಮಾಡೋಣ, ಡಾಕ್ಟರ ಬಳಿಗೂ ಹೋಗೋಣ. 2017ರ ಮಾನಸಿಕ ಆರೋಗ್ಯ ಕಾನೂನು ಚಿಕಿತ್ಸೆಯಲ್ಲಿ ಎರಡು ಬಗೆಯ ರೋಗಿಗಳನ್ನೂ ಸಮಾನವಾಗಿ ಕಾಣಬೇಕೆಂದಿದೆ.

ಮೊದಲು ಆಸ್ಪತ್ರೆಯ ಚೀಟಿ ಪಡೆಯಿರಿ. ರಜೆಯನ್ನು ಬರೆದು ಕೇಳಿ, ನಕಲು ಇಟ್ಟುಕೊಳ್ಳಿ. ಕಾಯಿಲೆಯ ಹೊತ್ತಿನಲ್ಲಿ ಯಾವ ರಾಜೀನಾಮೆಗೂ ಹೆಬ್ಬೆಟ್ಟು ಒತ್ತಬೇಡಿ, ಒತ್ತಲು ಬಿಡಬೇಡಿ.